ಗಿಡದ ಊಟ, ಗಿಡದ ಉಸಿರು



ಕಳೆದ ಸೆಪ್ಟೆಂಬರ್ ತಿಂಗಳಲ್ಲಿ ಒಂದು ದಿನ ಸಂಘದ ಕಛೇರಿಯ ಬಾಗಿಲು ತೆರೆಯುವುದಕ್ಕೆ ಮೊದಲೇ ನಮ್ಮ ಹಿರಿಯ ಸದಸ್ಯರೊಬ್ಬರು ಜಗಲಿಯ ಮೇಲೆ ಬಂದು ಕುಳಿತಿದ್ದರು. ಒಂದು ಕೈಯಲ್ಲಿ ತುದಿ ಒಣಗಿದ ಕಾಫಿ ರೆಂಬೆ, ಮತ್ತೊಂದು ಕೈಯಲ್ಲಿ ಗೊಬ್ಬರದ ಖಾಲಿ ಚೀಲ. "ಏನು ಸೆಕ್ರೆಟರಿಗಳೇ, ಸಂಘದಲ್ಲೂ ಕಲಬೆರಕೆ ಮಾಲು ಕೊಡುವುದಕ್ಕೆ ಶುರು ಮಾಡಿದಿರೋ ಹೇಗೆ? ಹೂವಿಗೆ ಮೊದಲೊಮ್ಮೆ, ಹೂವಾದ ಮೇಲೊಮ್ಮೆ, ಮಳೆ ಬಿಡುವು ಕೊಟ್ಟಾಗ ಒಮ್ಮೆ, ಹೀಗೆ ಮೂರು ಸಲ ಗಿಡಕ್ಕೆ ಹೊಟ್ಟೆ ತುಂಬ ಊಟ ಹಾಕಿದ್ದೇನೆ. ಗಿಡ ಮಾತ್ರ ಉಪವಾಸ ಬಿದ್ದ ಹಾಗೆ ಸಾಯುತ್ತಿದೆ" ಎಂದರು.

ಅವರ ಕೊನೆಯ ಮಾತು ಅಕ್ಷರಶಃ ನಿಜವಾಗಿತ್ತು. ಗಿಡ ಉಪವಾಸದಿಂದಲೇ ಸಾಯುತ್ತಿತ್ತು. ಅದೇ ಮಾಲನ್ನು ಒಯ್ದ ಬೇರೆ ಸದಸ್ಯರಿಂದ ದೂರು ಬಂದಿರಲಿಲ್ಲ. ಆದರೂ ಸಂಘದ ಮೇಲೆ ಬಂದ ಮಾತನ್ನು ಹಾಗೆಯೇ ಬಿಡುವುದು ಸರಿಯಲ್ಲವೆಂದು ಅಂದೇ ಅವರ ಜೊತೆಯಲ್ಲಿ ತೋಟಕ್ಕೆ ಹೋದೆವು. ಗುಡ್ಡದ ಓರೆಯಲ್ಲಿ ಎರಡು ಎಕರೆ ಅರೇಬಿಕಾ, ಕೆಳಗೆ ಕಣಿವೆಯಲ್ಲಿ ಒಂದು ಎಕರೆ ಅಡಿಕೆ. ಕಾಫಿ ಗಿಡಗಳ ತುಂಬ ಕಾಯಿ, ಎಲೆ ಮಾತ್ರ ಎಣಿಸುವಷ್ಟು. ಅಡಿಕೆ ಮರಗಳ ಸೋಗೆ ಹಳದಿಗೆ ತಿರುಗಿತ್ತು, ಬಸಿಗಾಲುವೆಗಳಲ್ಲಿ ಮಣ್ಣು ತುಂಬಿ ಹುಲ್ಲು ಬೆಳೆದಿತ್ತು, ಕಾಲಿಟ್ಟಲ್ಲಿ ನೀರು ಜಿನುಗುತ್ತಿತ್ತು. ಆ ದಿನ ಅವರೊಡನೆ ಆಡಿದ ಮಾತನ್ನೇ ಸ್ವಲ್ಪ ವಿಸ್ತರಿಸಿ ಇಲ್ಲಿ ಬರೆದಿದ್ದೇವೆ. ಇದು ನಾವು ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪಾಠವಾಗಿ ಓದಿದ ವಿಷಯ. ಪರೀಕ್ಷೆಯಲ್ಲಿ ಒಳ್ಳೆಯ ಅಂಕವನ್ನೂ ಪಡೆದಿದ್ದೆವು. ಅದು ತೋಟಕ್ಕೆ ಸಂಬಂಧಪಟ್ಟದ್ದೆಂದು ತಿಳಿಯಲು ಮಾತ್ರ ಕೈ ಸುಟ್ಟುಕೊಳ್ಳಬೇಕಾಯಿತು. ಆ ಕಥೆ ಮುಂದೆ ಬರುತ್ತದೆ.

ಗಿಡ ಮಣ್ಣನ್ನು ತಿಂದು ಬೆಳೆಯುತ್ತದೆ ಎಂಬ ನಂಬಿಕೆ ಬಹಳ ಹಳೆಯದು. ಬೆಲ್ಜಿಯಂ ಪ್ರಾಂತ್ಯದ ವಾನ್ ಹೆಲ್ಮಾಂಟ್ ಎಂಬ ವೈದ್ಯ ಇದನ್ನು ತೂಗಿ ನೋಡಿದ. ಒಂದು ದೊಡ್ಡ ಕುಂಡದಲ್ಲಿ 200 ಪೌಂಡು ಒಣಮಣ್ಣು ಹಾಕಿ, 5 ಪೌಂಡು ತೂಕದ ವಿಲೋ ಸಸಿ ನೆಟ್ಟು, ಐದು ವರ್ಷ ನೀರನ್ನಷ್ಟೇ ಕೊಟ್ಟ. ಕೊನೆಗೆ ಕಿತ್ತು ತೂಗಿದಾಗ ಮರ 169 ಪೌಂಡಿನಷ್ಟಿತ್ತು. ಮಣ್ಣನ್ನು ಒಣಗಿಸಿ ತೂಗಿದರೆ ಕಡಿಮೆಯಾಗಿದ್ದದ್ದು ಎರಡು ಔನ್ಸು, ಎಂದರೆ ಸುಮಾರು 57 ಗ್ರಾಂ! ಅವನ ಮರಣಾನಂತರ 1648ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಈ ಪ್ರಯೋಗದ ವಿವರ ಇದೆ. ಮರವೆಲ್ಲ ನೀರಿನಿಂದಲೇ ಆಯಿತೆಂದು ಅವನು ತೀರ್ಮಾನಿಸಿದ. ಅರ್ಧ ಸರಿ, ಅರ್ಧ ತಪ್ಪು. ಉಳಿದರ್ಧ ಅವನ ಕಣ್ಣಿಗೆ ಕಾಣದ ಗಾಳಿಯಿಂದ ಬಂದಿತ್ತು.

ನಾವು ಉಸಿರು ಬಿಡುವಾಗ ಹೊರಬರುವ ಇಂಗಾಲಾಮ್ಲ ಎಂಬ ಅನಿಲ ಗಾಳಿಯಲ್ಲಿ ಬಹಳ ಸ್ವಲ್ಪವಾಗಿದೆ. ಹತ್ತು ಸಾವಿರ ಭಾಗ ಗಾಳಿಯಲ್ಲಿ ನಾಲ್ಕು ಭಾಗ ಚಿಲ್ಲರೆ. ಎಲೆ ಈ ಅನಿಲವನ್ನು ಒಳಗೆ ಎಳೆದುಕೊಂಡು, ಬೇರಿನಿಂದ ಬಂದ ನೀರನ್ನು ಸೂರ್ಯನ ಬೆಳಕಿನ ಬಲದಿಂದ ಸೀಳಿ, ಎರಡನ್ನೂ ಕೂಡಿಸಿ ಸಕ್ಕರೆ ಮಾಡುತ್ತದೆ. ನೀರಿನಿಂದ ಬಿಡುಗಡೆಯಾದ ಆಮ್ಲಜನಕ ಹೊರಗೆ ಹೋಗುತ್ತದೆ. ಇದಕ್ಕೆ ದ್ಯುತಿಸಂಶ್ಲೇಷಣೆ ಎಂದು ಹೆಸರು. ಹೆಸರು ಭಾರವಾದರೂ ಕೆಲಸ ಅಡುಗೆಯದೇ. ಲೆಕ್ಕ ಹೇಳುವುದಾದರೆ 264 ಗ್ರಾಂ ಇಂಗಾಲಾಮ್ಲ ಮತ್ತು 108 ಗ್ರಾಂ ನೀರು ಸೇರಿ 180 ಗ್ರಾಂ ಸಕ್ಕರೆ, 192 ಗ್ರಾಂ ಆಮ್ಲಜನಕ ಆಗುತ್ತದೆ. ಒಂದು ಕಿಲೋ ಸಕ್ಕರೆಗೆ ಬೇಕಾದ ಇಂಗಾಲಾಮ್ಲ ಸುಮಾರು 1,900 ಘನ ಮೀಟರ್ ಗಾಳಿಯಲ್ಲಿ ಇರುವಷ್ಟು. ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲ, ನಾಲ್ಕು ಮೀಟರ್ ಎತ್ತರದ ಗೋದಾಮುಗಳು ಹತ್ತಿರ ಹತ್ತಿರ ಐದು. ಅಷ್ಟು ಗಾಳಿಯನ್ನು ಜರಡಿ ಹಿಡಿದ ಮೇಲೆ ಒಂದು ಕಿಲೋ. ನಮ್ಮ ಕಾಫಿ ಬೀಜದ ತೂಕ, ಅಡಿಕೆ ಮರದ ಗಟ್ಟಿ, ಸೌದೆಯ ಬೆಂಕಿ, ಎಲ್ಲದಕ್ಕೂ ಈ ಸಕ್ಕರೆಯೇ ಮೂಲ.

ಆದುದರಿಂದ ಗಿಡದಲ್ಲಿ ಸಂಪಾದಿಸುವ ಅಂಗವೆಂದರೆ ಎಲೆ. ಹಸಿರು ಕಾಯಿಯೂ ಅಲ್ಪಸ್ವಲ್ಪ ಸಂಪಾದಿಸುತ್ತದೆ ನಿಜ, ಆದರೆ ಅದರ ಖರ್ಚು ಸಂಪಾದನೆಗಿಂತ ಬಹಳ ಹೆಚ್ಚು.

ಹಾಗಾದರೆ ಗೊಬ್ಬರ ಏತಕ್ಕೆ? ಅಡುಗೆಮನೆ ಕಟ್ಟುವುದಕ್ಕೆ. ಎಲೆಗೆ ಹಸಿರು ಬಣ್ಣ ಕೊಡುವ ಪತ್ರಹರಿತ್ತಿನ ಒಂದೊಂದು ಅಣುವಿನಲ್ಲಿಯೂ ನಾಲ್ಕು ಸಾರಜನಕದ ಪರಮಾಣುಗಳು, ನಡುವೆ ಒಂದು ಮೆಗ್ನೀಸಿಯಂ ಪರಮಾಣು ಇವೆ. ಎಲೆಯ ಬಾಯಿಗಳು ತೆರೆದು ಮುಚ್ಚುವುದಕ್ಕೆ ಪೊಟ್ಯಾಷ್ ಬೇಕು. ರಂಜಕದ ಕೆಲಸವನ್ನು ಈಗ ಹೇಳುತ್ತೇವೆ. ಇವೆಲ್ಲ ಒಲೆ, ಪಾತ್ರೆ, ಸೌಟು ಇದ್ದಂತೆ. ಒಲೆ ಇಲ್ಲದೆ ಅಡುಗೆ ಆಗದು. ಆದರೆ ಒಲೆಯನ್ನೇ ಯಾರೂ ಉಣ್ಣಲಾರರು.

ಇನ್ನು ಖರ್ಚಿನ ವಿಷಯ. ಬೇರು, ಕಾಂಡ, ಹೂ, ಕಾಯಿ, ಎಲೆ, ಯಾವುದೇ ಆಗಲಿ, ಜೀವವಿರುವ ಪ್ರತಿಯೊಂದು ಕೋಶಕ್ಕೂ ಹಗಲೂ ರಾತ್ರಿಯೂ ಶಕ್ತಿ ಬೇಕು. ಅದು ಸಕ್ಕರೆಯನ್ನು ಆಮ್ಲಜನಕದೊಡನೆ ಸೇರಿಸಿ ಮೆಲ್ಲಗೆ, ಹಂತ ಹಂತವಾಗಿ ಸುಡುತ್ತದೆ. ನೀರೂ ಇಂಗಾಲಾಮ್ಲವೂ ಹೊರಬರುತ್ತವೆ. ಇದೇ ಉಸಿರಾಟ. ಗಿಡ ಹಗಲು ಅಡುಗೆ ಮಾಡಿ ರಾತ್ರಿ ಮಾತ್ರ ಉಸಿರಾಡುತ್ತದೆ ಎಂದು ಎಷ್ಟೋ ಜನ ತಿಳಿದಿದ್ದಾರೆ. ಅದು ತಪ್ಪು. ಹಗಲಿನಲ್ಲಿ ಅಡುಗೆಯ ಭರಾಟೆಯೊಳಗೆ ಉಸಿರಾಟ ಕಾಣುವುದಿಲ್ಲ, ಅಷ್ಟೆ. 1779ರಲ್ಲಿ ಇಂಗೆನ್‌ಹೌಸ್ ಎಂಬ ಡಚ್ ವೈದ್ಯ ಇದನ್ನು ಪರೀಕ್ಷಿಸಿ, ಬಿಸಿಲಿನಲ್ಲಿರುವ ಹಸಿರು ಭಾಗ ಮಾತ್ರ ಗಾಳಿಯನ್ನು ಶುದ್ಧಗೊಳಿಸುತ್ತದೆಂದೂ, ಬೇರು, ಹೂ, ಹಣ್ಣುಗಳು ಹೊತ್ತಿನ ಭೇದವಿಲ್ಲದೆ ಅದನ್ನು ಕೆಡಿಸುತ್ತವೆಂದೂ ಬರೆದ. (ರಾತ್ರಿ ಮರದ ಕೆಳಗೆ ಮಲಗಬಾರದೆನ್ನುವವರಿಗೆ ಇಷ್ಟು ಹೇಳಬಹುದು: ಗಾಳಿಯಾಡುವ ಬಯಲಿನಲ್ಲಿ ಅದು ಮನುಷ್ಯನಿಗೆ ತೊಂದರೆಯಾಗುವಷ್ಟಲ್ಲ. ಒಣ ಕೊಂಬೆ ಬೀಳುವ ಭಯವೇ ದೊಡ್ಡದು.)

ಉಸಿರಾಟವನ್ನು ಕೈಯಿಂದಲೇ ಮುಟ್ಟಿ ನೋಡಬಹುದು. ಕುಯ್ದ ಕಾಫಿ ಹಣ್ಣನ್ನು ರಾತ್ರಿ ರಾಶಿ ಹಾಕಿಟ್ಟು ಬೆಳಿಗ್ಗೆ ಒಳಗೆ ಕೈ ತೂರಿಸಿ. ಬೆಚ್ಚಗಿರುತ್ತದೆ. ಹಣ್ಣು ಇನ್ನೂ ಜೀವಂತವಾಗಿ ಸಕ್ಕರೆ ಸುಡುತ್ತಿದೆ, ಸಿಪ್ಪೆಯ ಮೇಲಿನ ಸೂಕ್ಷ್ಮಜೀವಿಗಳು ಅದಕ್ಕೆ ಕೈಗೂಡಿಸಿವೆ. ಶಾಖ ಹತ್ತು ಡಿಗ್ರಿ ಏರಿದರೆ ಉಸಿರಾಟ ಸುಮಾರು ಇಮ್ಮಡಿಯಾಗುತ್ತದೆ. ಹೀಗಾಗಿ ರಾಶಿ ಬಿಸಿಯಾದಷ್ಟೂ ಇನ್ನೂ ಬೇಗ ಬಿಸಿಯಾಗುತ್ತದೆ. ಸುಟ್ಟು ಹೋಗುವುದು ನಮ್ಮ ತೂಕ ಮತ್ತು ಗುಣ. ಅಂದಿನ ಹಣ್ಣನ್ನು ಅಂದೇ ಪಲ್ಪರಿಗೆ ಹಾಕಬೇಕು, ಇಲ್ಲವೇ ಕಣದಲ್ಲಿ ತೆಳ್ಳಗೆ ಹರಡಬೇಕು ಎಂಬ ನಿಯಮದ ಕಾರಣ ಇದೇ.

ಸಕ್ಕರೆಯಲ್ಲಿರುವ ಶಕ್ತಿಯನ್ನು ಕೋಶ ನೇರವಾಗಿ ಬಳಸಲಾರದು. ಐನೂರರ ನೋಟು ಕೊಟ್ಟು ಒಂದು ಬೀಡ ಕೇಳಿದರೆ ಅಂಗಡಿಯವನು ಚಿಲ್ಲರೆ ತನ್ನಿ ಎನ್ನುವುದಿಲ್ಲವೇ? ಹಾಗೆಯೇ ಕೋಶ ಮೊದಲು ಸಕ್ಕರೆಯನ್ನು ಎಟಿಪಿ ಎಂಬ ಚಿಲ್ಲರೆಯಾಗಿ ಮುರಿಸಿಕೊಳ್ಳುತ್ತದೆ. ಎಟಿಪಿಯ ಅಣುವಿನಲ್ಲಿ ಮೂರು ಫಾಸ್ಫೇಟ್ ತುಂಡುಗಳಿವೆ, ರಂಜಕ ಬೇಕಾಗುವುದಕ್ಕೆ ಅದೂ ಒಂದು ಕಾರಣ. ಆಮ್ಲಜನಕ ಸಾಕಷ್ಟು ಇದ್ದರೆ ಸಕ್ಕರೆಯ ಒಂದು ಅಣುವಿನಿಂದ ಸುಮಾರು 30 ಎಟಿಪಿ ಹುಟ್ಟುತ್ತದೆ. ಆಮ್ಲಜನಕ ಇಲ್ಲದಿದ್ದರೆ ಕೋಶ ಹುದುಗುವಿಕೆಯ ದಾರಿ ಹಿಡಿಯುತ್ತದೆ. ಆಗ ಸಿಗುವುದು 2 ಮಾತ್ರ. ಉಳಿದ ಶಕ್ತಿ ಮದ್ಯಸಾರದಂತಹ ಅರೆಬೆಂದ ವಸ್ತುವಿನಲ್ಲೇ ಸಿಕ್ಕಿಕೊಳ್ಳುತ್ತದೆ.

ಮೂವತ್ತು ಎಲ್ಲಿ, ಎರಡು ಎಲ್ಲಿ! ಕಣಿವೆಯ ಅಡಿಕೆ ತೋಟದ ರೋಗ ಇಷ್ಟರಲ್ಲೇ ಇತ್ತು. ಬೇರಿಗೆ ಮೂಗಿಲ್ಲ. ಮಣ್ಣಿನ ಕಣಗಳ ಸಂದಿಯಲ್ಲಿರುವ ಗಾಳಿಯೇ ಅದಕ್ಕೆ ಗತಿ. ಆ ಸಂದಿಗಳಲ್ಲಿ ನೀರು ನಿಂತರೆ ಆಮ್ಲಜನಕ ಒಳಗೆ ಇಳಿಯುವ ವೇಗ ಗಾಳಿಯಲ್ಲಿ ಇಳಿಯುವುದಕ್ಕಿಂತ ಹತ್ತು ಸಾವಿರ ಪಟ್ಟು ಕಡಿಮೆಯಾಗುತ್ತದೆ. ಬೇರಿಗೆ ಆಗ ಚಿಲ್ಲರೆಯ ಬರಗಾಲ. ಪೊಟ್ಯಾಷ್, ನೈಟ್ರೇಟ್ ಮುಂತಾದವನ್ನು ಬೇರು ಸುಮ್ಮನೆ ಕುಡಿಯುವುದಿಲ್ಲ, ಶಕ್ತಿ ಖರ್ಚು ಮಾಡಿ ಸೇದಬೇಕು. ಶಕ್ತಿ ಇಲ್ಲದ ಬೇರು ಗೊಬ್ಬರದ ನಡುವೆಯೇ ಕುಳಿತು ಸೊರಗುತ್ತದೆ. ಇದಕ್ಕಿಂತ ಸಂಕಟದ ಸಂಗತಿ ಇನ್ನೊಂದಿದೆ. ಯೂರಿಯಾ ಮಣ್ಣಿನಲ್ಲಿ ಮಾರ್ಪಟ್ಟು ನೈಟ್ರೇಟ್ ಆಗುತ್ತದಷ್ಟೆ. ಕೆಸರಿನಲ್ಲಿ ಆಮ್ಲಜನಕ ಸಿಗದ ಕೆಲವು ಬ್ಯಾಕ್ಟೀರಿಯಾಗಳು ಈ ನೈಟ್ರೇಟನ್ನೇ ಆಮ್ಲಜನಕಕ್ಕೆ ಬದಲಾಗಿ ಬಳಸಿ ಉಸಿರಾಡುತ್ತವೆ. ಅದರಲ್ಲಿದ್ದ ಸಾರಜನಕ ಅನಿಲವಾಗಿ ಗಾಳಿಗೆ ಹೋಗುತ್ತದೆ. ನಮ್ಮ ಸದಸ್ಯರು ಹಣ ಕೊಟ್ಟು ಒಯ್ದ ಚೀಲದ ಒಂದಂಶವನ್ನು ಕಾಣದ ಜೀವಿಗಳು ಹೀಗೆ ಉಸಿರಾಡಿ ಮುಗಿಸಿದ್ದವು. ಕಲಬೆರಕೆ ಮಾಡಿದವರು ಯಾರೆಂದು ಅವರಿಗೆ ಅಲ್ಲೇ ತೋರಿಸಿದೆವು. ನಕ್ಕರು, ಆದರೆ ಪೂರ್ತಿ ನಂಬಿದಂತೆ ಕಾಣಲಿಲ್ಲ.

ಅಡಿಕೆಯ ಬೇರುಗಳಲ್ಲಿ ಹೆಚ್ಚಿನವು ಮೇಲ್ಮಣ್ಣಿನಲ್ಲಿ ಬುಡದ ಸುತ್ತಲೇ ಇರುತ್ತವೆ. ತಾಯಿಬೇರು ಇಲ್ಲ. ಬಸಿಗಾಲುವೆಯ ತಳ ನೆಟ್ಟ ಗುಂಡಿಯ ತಳಕ್ಕಿಂತ ಒಂದು ಗೇಣಾದರೂ ಕೆಳಗಿರಬೇಕೆಂದು ಹೇಳುವುದು ಬೇರಿಗೆ ಗಾಳಿ ಸಿಗಲೆಂದೇ. 2018 ಮತ್ತು 2019ರ ಆಗಸ್ಟ್ ಮಳೆಯಲ್ಲಿ ಮಲೆನಾಡಿನ ಎಷ್ಟೋ ತೋಟಗಳು ದಿನಗಟ್ಟಲೆ ನೀರಿನಲ್ಲಿ ನಿಂತುದನ್ನು ನಾವೆಲ್ಲ ನೋಡಿದ್ದೇವೆ. ಕಾಫಿಯಲ್ಲಿಯೂ ತಗ್ಗಿನ ಪಟ್ಟೆಗಳ ಗಿಡಗಳೇ ಮೊದಲು ಕಾಯಿ ಉದುರಿಸಿದವು. ಆದರೆ ಒಂದು ಎಚ್ಚರಿಕೆ. ಸೋಗೆ ಹಳದಿಯಾದ ಮಾತ್ರಕ್ಕೆ ಎಲ್ಲವೂ ನೀರಿನ ದೋಷವಲ್ಲ. ಹಳದಿ ಎಲೆ ರೋಗವೇ ಬೇರೆ, ಅದು ಸೂಕ್ಷ್ಮಜೀವಿಯಿಂದ ಬರುವಂಥದು, ಕಾಲುವೆ ತೆಗೆದರೆ ವಾಸಿಯಾಗುವುದಿಲ್ಲ. ಅನುಮಾನವಿದ್ದವರು ಬಲ್ಲವರಿಗೆ ಮರವನ್ನು ತೋರಿಸಿಯೇ ಮುಂದುವರಿಯತಕ್ಕದ್ದು.

ಈಗ ಗುಡ್ಡದ ಮೇಲಿನ ಕಾಫಿಗೆ ಬರೋಣ. ಇಲ್ಲಿಯೇ ನಮ್ಮ ಕಥೆ.

1994ರಲ್ಲಿ ಬ್ರೆಜಿಲ್ ದೇಶದಲ್ಲಿ ಹಿಮ ಬಿದ್ದು ಕಾಫಿ ಬೆಲೆ ಒಮ್ಮೆಲೇ ಏರಿತು. ನಾವು ಆಗಷ್ಟೇ ಪದವಿ ಮುಗಿಸಿ ತೋಟಕ್ಕೆ ಬಂದು ಕೆಲವು ವರ್ಷವಾಗಿತ್ತು. ಬೆಳಕು ಹೆಚ್ಚಾದರೆ ಫಸಲು ಹೆಚ್ಚು ಎಂದು ಓದಿದ್ದೆವಲ್ಲ! 1995ರ ಮುಂಗಾರಿಗೆ ಮೊದಲು ಹಾಲುವಾಣದ ಕೊಂಬೆ ಕಡಿದದ್ದಲ್ಲದೆ, ದೊಡ್ಡ ಅತ್ತಿ, ನೇರಲೆ ಮರಗಳನ್ನೂ ಉರುಳಿಸಿಬಿಟ್ಟೆವು. 1996ರ ಹೂಮಳೆಗೆ ತೋಟ ಬೆಳ್ಳಗೆ ಹೊದ್ದುಕೊಂಡಿತು. ನೋಡಲು ಬಂದವರು ಹೊಗಳಿ ಹೋದರು. ಆ ಫಸಲನ್ನು ನಂಬಿ ಸಾಲವನ್ನೂ ಮಾಡಿದೆವು. ನಮ್ಮ ತಂದೆಯವರು ಮಾತ್ರ ಒಂದು ರೆಂಬೆ ಎತ್ತಿ ಹಿಡಿದು, "ಈ ಗಿಡ ಸಾಲ ಮಾಡಿ ಕಾಯಿ ಹೊತ್ತಿದೆ ಕಣಪ್ಪ" ಎಂದರು. ನಾಲ್ಕನೇ ತರಗತಿ ಓದಿದ್ದ ಅವರ ಮಾತು ಪದವೀಧರರಾದ ನಮಗೆ ಅರ್ಥವಾದದ್ದು ಮರುವರ್ಷ. ಕುಯ್ಲು ಮುಗಿಯುವ ಹೊತ್ತಿಗೆ ಎಲೆಯೆಲ್ಲ ಉದುರಿ, ರೆಂಬೆಗಳು ತುದಿಯಿಂದ ಒಣಗುತ್ತ ಬಂದವು. ಬುಡ ಕೆದಕಿದರೆ ಎಳೆಬೇರುಗಳೂ ಸತ್ತಿದ್ದವು. ಅನೇಕ ಗಿಡಗಳನ್ನು ಬುಡಮಟ್ಟ ಕಡಿದು ಹೊಸ ಚಿಗುರು ಬೆಳೆಸಬೇಕಾಯಿತು. ಎರಡು ವರ್ಷ ಆ ಪಟ್ಟೆಯಿಂದ ಹೇಳಿಕೊಳ್ಳುವ ಫಸಲಿಲ್ಲ. ಸಾಲದ ಕಂತನ್ನು ಅಡಿಕೆ ಮಾರಿ ಕಟ್ಟಿದೆವು.

ಕಾಫಿ ಗಿಡದ ಸ್ವಭಾವದಲ್ಲೇ ಒಂದು ದೋಷವಿದೆ. ಮಾವು ತನ್ನಿಂದ ಸಾಕಲಾಗದ ಕಾಯಿಯನ್ನು ಮಿಡಿಯಲ್ಲೇ ಉದುರಿಸಿಬಿಡುತ್ತದೆ. ಕಾಫಿ ಹಾಗೆ ಸಾಕಷ್ಟು ಉದುರಿಸುವುದಿಲ್ಲ. ಕಚ್ಚಿದ್ದನ್ನು ಬಹುಮಟ್ಟಿಗೆ ಹೊತ್ತೇ ಹೊರುತ್ತದೆ. ಬೀಜ ಗಟ್ಟಿಯಾಗುವ ಕಾಲದಲ್ಲಿ ಎಲೆಯ ಸಂಪಾದನೆಯನ್ನು ಕಾಯಿಗಳೇ ಮೊದಲು ಕಸಿದುಕೊಳ್ಳುತ್ತವೆ. ಮಿಕ್ಕಿದರೆ ಹೊಸ ಚಿಗುರಿಗೆ, ಅದರಲ್ಲೂ ಮಿಕ್ಕಿದರೆ ಬೇರಿಗೆ. ಹೊರೆ ಮಿತಿಮೀರಿದಾಗ ಗಿಡ ಕಾಂಡದಲ್ಲೂ ಬೇರಿನಲ್ಲೂ ಕೂಡಿಟ್ಟ ಪಿಷ್ಟವನ್ನು ಕರಗಿಸಿ ಕಾಯಿಗೆ ಕೊಡುತ್ತದೆ. ಪಿಷ್ಟವೆಂದರೆ ಗಿಡದ ಕಣಜ. ಕಣಜ ಬರಿದಾದ ಮೇಲೂ ಬೇರಿನ ಉಸಿರಾಟಕ್ಕೆ ದಿನವೂ ಸಕ್ಕರೆ ಬೇಕೇ ಬೇಕು. ಸಿಗದ ಬೇರು ಸಾಯುತ್ತದೆ. ಬೇರು ಸತ್ತರೆ ನೀರು, ಗೊಬ್ಬರ ಮೇಲಕ್ಕೆ ಹೋಗದೆ ಎಲೆ ಉದುರುತ್ತದೆ, ಎಲೆ ಉದುರಿದರೆ ಸಂಪಾದನೆ ಇನ್ನೂ ಕಡಿಮೆ. ಸಾಧಾರಣ ಕಾಲದಲ್ಲೇ ಗಿಡ ತನ್ನ ಗಳಿಕೆಯ ಮೂರನೆಯ ಒಂದರಿಂದ ಅರ್ಧದವರೆಗೆ ಉಸಿರಾಟಕ್ಕೇ ವೆಚ್ಚ ಮಾಡುತ್ತದೆಂದರೆ, ಇಂಥ ವರ್ಷದಲ್ಲಿ ಉಳಿತಾಯದ ಮಾತೆಲ್ಲಿ?

ನೆರಳಿನ ವಿಷಯದಲ್ಲಿ ಹಿರಿಯರ ಪದ್ಧತಿ ಎಷ್ಟು ಸರಿಯಾಗಿತ್ತೆಂಬುದು ಆಮೇಲೆ ತಿಳಿಯಿತು. ಕಾಫಿ ಮೂಲತಃ ಕಾಡಿನ ಮರದಡಿಯ ಗಿಡ. ಒಂದು ಎಲೆಯನ್ನು ತೆಗೆದುಕೊಂಡರೆ, ಪೂರ್ಣ ಬಿಸಿಲಿನ ಸುಮಾರು ಮೂರನೆಯ ಒಂದು ಭಾಗದ ಬೆಳಕಿಗೇ ಅದರ ಅಡುಗೆ ಗರಿಷ್ಠ ಮಟ್ಟ ಮುಟ್ಟುತ್ತದೆ. ಅದಕ್ಕಿಂತ ಹೆಚ್ಚಿನ ಬಿಸಿಲು ಎಲೆಯನ್ನು ಕಾಯಿಸುತ್ತದೆ, ಉಸಿರಾಟದ ಖರ್ಚನ್ನು ಏರಿಸುತ್ತದೆ. ಒಣಗಾಳಿಯ ನಡುಮಧ್ಯಾಹ್ನ ಎಲೆ ನೀರು ಉಳಿಸಲು ತನ್ನ ಬಾಯಿಗಳನ್ನು ಮುಚ್ಚಿಬಿಡುತ್ತದೆ. ಬಾಯಿ ಮುಚ್ಚಿದರೆ ಇಂಗಾಲಾಮ್ಲ ಬಾರದು, ಅಡುಗೆ ನಿಲ್ಲುತ್ತದೆ. ಆದರೆ ಮೋಡ ಮುಸುಕಿದ ಆಷಾಢ ಶ್ರಾವಣಗಳಲ್ಲಿ ಬೆಳಕಿಗೇ ಅಭಾವ. ಆದ್ದರಿಂದಲೇ ಮಳೆಗಾಲದ ಹೊಸ್ತಿಲಲ್ಲಿ ಹಾಲುವಾಣದ ಮರಗಸಿ ಮಾಡಿ ಬೆಳಕು ಬಿಡುವುದು, ಬೇಸಿಗೆಯ ಹೊತ್ತಿಗೆ ಅದು ಮತ್ತೆ ಚಿಗುರಿ ಕೊಡೆ ಹಿಡಿಯುವುದು. ನೆರಳು ಹೂವಿನ ಸಂಖ್ಯೆಯನ್ನು ಸ್ವಲ್ಪ ತಗ್ಗಿಸುತ್ತದೆ ಎಂದು ದೂರುವವರಿದ್ದಾರೆ. ತಗ್ಗಿಸುವುದು ನಿಜ. ಎಲೆ ಸಾಕುವಷ್ಟೇ ಕಾಯಿ ಇರುವಂತೆ ನೋಡಿಕೊಳ್ಳುವುದೂ ಅದೇ ನೆರಳು. 2024ರಲ್ಲಿಯೂ 2025ರ ಆರಂಭದಲ್ಲಿಯೂ ಹಿಂದೆಂದೂ ಕಾಣದ ಬೆಲೆ ಬಂದಾಗ ನಮ್ಮ ಸುತ್ತಮುತ್ತ ಕೊಡಲಿಯ ಸದ್ದು ಹೆಚ್ಚಾದುದನ್ನು ಕೇಳಿ ನಮಗೆ 1995 ನೆನಪಾಗದೆ ಇರಲಿಲ್ಲ.

ಎಲೆಯ ಬಾಯಿಗಳೆಂದೆವು. ಕಾಫಿ ಎಲೆಯಲ್ಲಿ ಈ ಪತ್ರರಂಧ್ರಗಳು ಇರುವುದು ಕೆಳಮೈಯಲ್ಲಿ ಮಾತ್ರ. ಇಂಗಾಲಾಮ್ಲ ಒಳಗೆ ಹೋಗುವ ಈ ಬಾಗಿಲಿನಿಂದಲೇ ತುಕ್ಕು ರೋಗದ ಶಿಲೀಂಧ್ರವೂ ಒಳನುಗ್ಗುತ್ತದೆ. ಅರ್ಧ ಪರ್ಸೆಂಟಿನ ಬೋರ್ಡೋ ದ್ರಾವಣವನ್ನು ಎಲೆಯ ಅಡಿಗೆ ತಾಗುವಂತೆ ಹೊಡೆಯಿರಿ ಎಂದು ವರ್ಷವೂ ಬರೆಯುತ್ತೇವೆ, ವರ್ಷವೂ ಮೇಲಿನಿಂದ ತೋಯಿಸಿ ಬರುವವರನ್ನು ನೋಡುತ್ತೇವೆ. ಔಷಧಿ ಹೊಡೆಯುವ ಆಳಿಗೆ ಎಲೆ ಮಗುಚಿ ಒಮ್ಮೆ ತೋರಿಸಿದರೆ ಸಾಕು.

ಅಂದು ತೋಟದಲ್ಲಿ ನಮ್ಮ ಹಿರಿಯರು ಇಷ್ಟನ್ನೂ ತಾಳ್ಮೆಯಿಂದ ಕೇಳಿ, "ಕಣಜ ಬರಿದಾಗಿದೆ ಅಂತ ನೀವು ಹೇಳುತ್ತೀರಿ. ಕಾಣುವುದು ಹೇಗೆ?" ಎಂದರು. ನ್ಯಾಯವಾದ ಪ್ರಶ್ನೆ. ಮರುದಿನ ಔಷಧಿ ಅಂಗಡಿಯಿಂದ ಟಿಂಚರ್ ಅಯೋಡಿನ್ ತೆಗೆದುಕೊಂಡು ಹೋದೆವು. ಅದು ಪಿಷ್ಟಕ್ಕೆ ತಾಗಿದರೆ ಕಡುನೀಲಿ, ಕಪ್ಪು ಬಣ್ಣ ಬರುತ್ತದೆ. ಹೊರೆ ಕಾಯಿ ಹೊತ್ತ ಗಿಡದಿಂದ ಪೆನ್ಸಿಲ್ ಗಾತ್ರದ ರೆಂಬೆಯೊಂದನ್ನೂ, ಮನೆಯ ಹಿಂದೆ ಗೋಣಿಮರದ ನೆರಳಿನಲ್ಲಿ ಮಿತವಾಗಿ ಕಚ್ಚಿದ್ದ ಗಿಡದಿಂದ ಅಷ್ಟೇ ಗಾತ್ರದ್ದೊಂದನ್ನೂ ಕತ್ತರಿಸಿ, ಕತ್ತರಿಸಿದ ಮುಖಕ್ಕೆ ಎರಡು ಹನಿ ಬಿಟ್ಟು, ಸ್ವಲ್ಪ ಹೊತ್ತಿನ ನಂತರ ನೀರಿನಿಂದ ತೊಳೆದೆವು. ಎರಡನೆಯದು ಇಂಕು ಚೆಲ್ಲಿದಂತೆ ಕಪ್ಪಾಯಿತು. ಮೊದಲನೆಯದರಲ್ಲಿ ಅಯೋಡಿನ್ನಿನದೇ ಹಳದಿ ಕಲೆ, ಅಷ್ಟೆ. ಅವರು ಎರಡನ್ನೂ ಪಕ್ಕಪಕ್ಕ ಹಿಡಿದು ಬಹಳ ಹೊತ್ತು ಮಾತಾಡಲಿಲ್ಲ.

ಮಾಡಬೇಕಾದ ಕೆಲಸ ಹೇಳುವುದಕ್ಕೆ ಸುಲಭ, ಕೈಗೆ ಕಷ್ಟ. ತೀರಾ ಬಳಲಿದ ಗಿಡಗಳಿಂದ ಅರ್ಧದಷ್ಟು ಕಾಯಿಯನ್ನು ಉದುರಿಸಿಬಿಡಿ ಎಂದೆವು. ಬೆಳೆದ ಕಾಯಿಯನ್ನು ನೆಲಕ್ಕೆ ಹಾಕಲು ಅವರ ಮನಸ್ಸು ಒಪ್ಪಲಿಲ್ಲ. ಮನೆಯಲ್ಲಿಯೂ ಒಪ್ಪಲಿಲ್ಲವಂತೆ. ಕೊನೆಗೆ ಒಂದು ಸಾಲಿನ ಗಿಡಗಳಿಗೆ ಮಾತ್ರ ಹಾಗೆ ಮಾಡಲು ಒಪ್ಪಿ, ಉಳಿದುದನ್ನು ದೇವರಿಗೆ ಬಿಟ್ಟರು. ಬೇಡದ ಕಂಬಚಿಗುರುಗಳನ್ನು ತೆಗೆಸಿದರು, ಆದರೆ ಎಲೆ ಹೊತ್ತ ರೆಂಬೆಗೆ ಕತ್ತಿ ಹಾಕಲಿಲ್ಲ. ಮೂರನೆಯ ಕಂತಿನ ನಂತರ ಮತ್ತೊಂದು ಕಂತು ಗೊಬ್ಬರ ಕೊಡಬೇಕೆಂದಿದ್ದ ಹಣವನ್ನು ಕೆಳಗಿನ ಬಸಿಗಾಲುವೆಗೆ ತಿರುಗಿಸಿದರು. ಆರು ಆಳು, ನಾಲ್ಕು ದಿನ. ನೀರು ಇಳಿದ ಮೇಲೆ ಬುಡದ ಮಣ್ಣಿನ ಕೊಳೆತ ವಾಸನೆ ಹೋಗಲು ಹೆಚ್ಚು ದಿನ ಬೇಕಾಗಲಿಲ್ಲವೆಂದು ಹೇಳಿದರು.

ಈ ಏಪ್ರಿಲ್ ತಿಂಗಳಲ್ಲಿ ಮತ್ತೆ ಹೋಗಿದ್ದೆವು. ಕಾಯಿ ಉದುರಿಸಿದ ಸಾಲಿನ ಗಿಡಗಳಲ್ಲಿ ಎಲೆ ನಿಂತಿದೆ, ಹೂಮಳೆಗೆ ಸಾಧಾರಣವಾಗಿ ಅರಳಿ ಕಚ್ಚಿವೆ. ಅದರ ಪಕ್ಕದ ಎರಡು ಸಾಲುಗಳನ್ನು ಬುಡಮಟ್ಟ ಕಡಿಯದೆ ಗತಿಯಿಲ್ಲ. ನಡುವಿನ ಗಿಡಗಳು ಹಾಗೂ ಇಲ್ಲ, ಹೀಗೂ ಇಲ್ಲ. ಅಡಿಕೆಯ ಹೊಸ ಸೋಗೆ ಹಸಿರಾಗಿ ಬಂದಿದೆ. ಅಡಿಕೆ ವರ್ಷಕ್ಕೆ ಆರೇಳು ಸೋಗೆ ಬಿಡುವ ಮರ. ಹಳೆಯ ಹಳದಿ ಸೋಗೆಗಳೆಲ್ಲ ಉದುರಿ ಮಂಡೆ ಪೂರ್ತಿ ಹಸಿರಾಗಲು ಇನ್ನೂ ಒಂದು ಮಳೆಗಾಲ ಕಾಯಬೇಕು.

ಅಯೋಡಿನ್ನಿನ ಸೀಸೆಯೊಂದನ್ನು ಸಂಘದ ಕಛೇರಿಯಲ್ಲಿ ಇರಿಸಿದ್ದೇವೆ. ಪರೀಕ್ಷೆಗೆ ರೆಂಬೆ ತರುವ ಸದಸ್ಯರು ಹೊರೆ ಕಾಯಿಯ ಗಿಡದ್ದೊಂದು, ಮಿತವಾಗಿ ಕಚ್ಚಿದ ಗಿಡದ್ದೊಂದು, ಎರಡನ್ನೂ ಒಂದೇ ದಿನ ಕಡಿದು ಹಸಿಯಾಗಿಯೇ ತರತಕ್ಕದ್ದು. ಒಂದನ್ನೇ ತಂದರೆ ಹೋಲಿಸಿ ನೋಡಲು ಆಗುವುದಿಲ್ಲ. ಬುಧವಾರ ಸಂತೆಯ ದಿನ ಬೆಳಿಗ್ಗೆ ನಾವು ಕಛೇರಿಯಲ್ಲೇ ಇರುತ್ತೇವೆ.